ಟ್ಯೂನ್ ಬರುತ್ತದೆ, ಎಡಗೈಗೆ ಕಾರ್ಡ್ ಬರುವುದಿಲ್ಲ: ಯಾವ ಸಾಫ್ಟ್‌ವೇರ್ ಹಿಡಿಯಲಿ?

ಕಾಳಿತೀರ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದ ಕೋಡಿಬಾಗದವಳು. ಮನೆಯಲ್ಲಿ 61 ಕೀಗಳ ಸಾದಾ ಕೀಬೋರ್ಡ್ ಇದೆ. ಚಿಕ್ಕವಳಿದ್ದಾಗ ಪೇಟಿ (ಹಾರ್ಮೋನಿಯಂ) ಕಲಿತಿದ್ದೆ. ಹಾಗಾಗಿ ಹಾಡು ಕಿವಿಗೆ ಬಿದ್ದರೆ ಬಲಗೈಯಲ್ಲಿ ಟ್ಯೂನ್ ಹೇಗೋ ಬರುತ್ತದೆ. ತೊಂದರೆ ಎಲ್ಲ ಎಡಗೈಯದ್ದು. ಯಾವ ಕಾರ್ಡ್ (ಮೂರು ಸ್ವರ ಒಟ್ಟಿಗೆ ಒತ್ತುವುದು) ಹಾಕಬೇಕು, ಎಲ್ಲಿ ಬದಲಿಸಬೇಕು ಎಂಬುದೇ ತಿಳಿಯುವುದಿಲ್ಲ. ಪೇಟಿಯಲ್ಲಿ ಎಡಗೈಗೆ ಗಾಳಿ ಹಾಕುವ ಕೆಲಸ ಬಿಟ್ಟರೆ ಬೇರೆ ಏನೂ ಇರಲಿಲ್ಲ ನೋಡಿ.

ನಮ್ಮ ಓಣಿಯ ಮಕ್ಕಳಿಗೆ ಚೌತಿಗೆ ಭಜನೆ, ಒಂದೆರಡು ಭಾವಗೀತೆ ಹೇಳಿಕೊಡುತ್ತೇನೆ. ಬರೀ ಟ್ಯೂನ್ ಬಾರಿಸಿದರೆ ಸಪ್ಪೆ ಅನ್ನಿಸುತ್ತದೆ. ಹಾಡು ಕೇಳಿ ಕಾರ್ಡ್ ಹೇಳುವ ಕಾರ್ಡಿಫೈ ಆ್ಯಪನ್ನು ಫೋನಿನಲ್ಲಿ ಹಾಕಿ ನೋಡಿದೆ. ಹಿಂದಿ ಸಿನಿಮಾ ಹಾಡಿಗೆ ಅಡ್ಡಿಲ್ಲ. ನಮ್ಮ ಭಜನೆಯ ರೆಕಾರ್ಡಿಂಗ್ ಕೊಟ್ಟರೆ ಒಂದೇ ಸಾಲಿನಲ್ಲಿ ರಾಶಿ ಕಾರ್ಡ್ ತೋರಿಸುತ್ತದೆ. ಅದೂ ಸಿ ಶಾರ್ಪ್, ಜಿ ಶಾರ್ಪ್ ಎಂದು ಕರಿ ಕೀಗಳ ಮೇಲೆ ಕುಣಿಸುತ್ತದೆ.

ಕಾರ್ಡ್ ಹುಡುಕಲು ಒಂದು ಸಾಫ್ಟ್‌ವೇರ್ ಬೇಕು, ಹುಡುಕಿದ ಮೇಲೆ ಅದರ ಜೊತೆ ಕೂತು ಅಭ್ಯಾಸ ಮಾಡಲು ಒಂದು ಬೇಕು. ಮಗನ ಹಳೇ ವಿಂಡೋಸ್ ಲ್ಯಾಪ್‌ಟಾಪ್ ಇದೆ. ಮಳೆಗಾಲದಲ್ಲಿ ನೆಟ್ಟಿನ ಕತೆ ನಿಮಗೂ ಗೊತ್ತು, ಆದ್ದರಿಂದ ಆಫ್‌ಲೈನ್ ನಡೆಯುವಂಥದ್ದು ಇದ್ದರೆ ಒಳ್ಳೆಯದು.

ಕುಮಟಾ ಕ್ಯಾಪೋ

ಅಕ್ಕಾ, ಆ ಸಿ ಶಾರ್ಪ್ ಆ್ಯಪಿನ ತಪ್ಪಲ್ಲ. ಹಾಡಿದವರು ಕಪ್ಪು ಒಂದರ ಶ್ರುತಿಯಲ್ಲಿ ಹಾಡಿರುತ್ತಾರೆ. ನಮ್ಮ ಕಡೆ ಗಂಡಸರ ಭಜನೆ ಬಹಳಷ್ಟು ಅಲ್ಲೇ ಇರುತ್ತದೆ. ಕಪ್ಪು ಒಂದು ಎಂದರೆ ಸಿ ಶಾರ್ಪ್, ಅದರ ಪಂಚಮ ಜಿ ಶಾರ್ಪ್. ಆ್ಯಪ್ ಕೇಳಿದ್ದನ್ನೇ ಬರೆದಿದೆ.

ನೀವು ಅದನ್ನು ಒಂದು ಮನೆ (ಕರಿ-ಬಿಳಿ ಸೇರಿ ಪಕ್ಕದ ಕೀ) ಕೆಳಗಿಳಿಸಿ ಓದಿ. ಸಿ ಶಾರ್ಪ್ ಇದ್ದಲ್ಲಿ ಸಿ, ಎಫ್ ಶಾರ್ಪ್ ಇದ್ದಲ್ಲಿ ಎಫ್, ಜಿ ಶಾರ್ಪ್ ಇದ್ದಲ್ಲಿ ಜಿ. ಕೀಬೋರ್ಡಿನಲ್ಲಿ ಶ್ರುತಿ ಸರಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತಿ +1 ಇಡಿ. ಬೆರಳು ಬಿಳಿ ಕೀಗಳ ಮೇಲೆ, ಸದ್ದು ಕಪ್ಪು ಒಂದರಲ್ಲಿ. ಗಿಟಾರ್‌ನವರು ಮೊದಲ ಮನೆಗೆ ಕ್ಯಾಪೋ (ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಇದೇ ಕೆಲಸ ಮಾಡುತ್ತೇವೆ. ಕಾರ್ಡಿಫೈ ಒಳಗೂ ಟ್ರಾನ್ಸ್‌ಪೋಸ್ ಇದೆ, ಆದರೆ ಅದು ದುಡ್ಡು ಕೊಟ್ಟವರಿಗೆ. ನಿಮ್ಮ ಕೀಬೋರ್ಡಿನ ಬಟನ್ ಫ್ರೀ.

ಸಾಲಿಗೆ ರಾಶಿ ಕಾರ್ಡ್ ಬರುವುದು ಬೇರೆ ಸಮಸ್ಯೆ. ಅದಕ್ಕೆ ನಮ್ಮ ಲಿನಕ್ಸ್ ಸರ್ ಬರಲಿ.

ಹೊನ್ನಾವರ ಲಿನಕ್ಸ್

ಬಂದೆ.

ಈ ಸಾಫ್ಟ್‌ವೇರ್‌ಗಳ ಮೂಲ ಕೆಲಸ ಇಷ್ಟೇ. ರೆಕಾರ್ಡಿಂಗನ್ನು ಸಣ್ಣ ಸಣ್ಣ ತುಂಡು ಮಾಡುತ್ತವೆ. ಪ್ರತಿ ತುಂಡಿನಲ್ಲಿ 12 ಸ್ವರಗಳ ಪೈಕಿ ಯಾವುದು ಎಷ್ಟು ಜೋರಾಗಿದೆ ಎಂದು ಅಳೆಯುತ್ತವೆ. ಆಮೇಲೆ ಆ ಅಳತೆಗೆ ಯಾವ ಕಾರ್ಡ್ ಹತ್ತಿರ ಬರುತ್ತದೆ ಎಂದು ಹೋಲಿಸುತ್ತವೆ. ಈಗಿನವು ಇದನ್ನೇ ತರಬೇತಿ ಕೊಟ್ಟ ಮಾದರಿಗಳಿಂದ ಮಾಡಿಸುತ್ತವೆ, ಆದರೆ ಆ ತರಬೇತಿಗೆ ಬಳಸಿದ ಹಾಡುಗಳಲ್ಲಿ ಪಾಶ್ಚಾತ್ಯ ಪಾಪ್ ಮತ್ತು ರಾಕ್ ಜಾಸ್ತಿ.

ನಮ್ಮ ಭಜನೆಯಲ್ಲಿ ಎಂತ ಇರುತ್ತದೆ? ಶ್ರುತಿಪೆಟ್ಟಿಗೆ ಸ-ಪ ಎಂದು ಉದ್ದಕ್ಕೂ ಕೂಗುತ್ತಿರುತ್ತದೆ. ಗಾಂಧಾರವೇ ಇಲ್ಲ. ಕಾರ್ಡಿನ ಎರಡು ಬಗೆಗಳಾದ ಮೇಜರ್, ಮೈನರ್‌ಗಳಲ್ಲಿ ಯಾವುದು ಎಂದು ತೀರ್ಮಾನ ಮಾಡುವುದು ಗಾಂಧಾರ. ಅದು ಸಿಗದಿದ್ದಾಗ ಸಾಫ್ಟ್‌ವೇರ್ ಹಾಡುವವರ ದನಿಯಲ್ಲಿ ಹುಡುಕುತ್ತದೆ. ಹಾಡುವವರು ಗಾಂಧಾರದಿಂದ ಮಧ್ಯಮಕ್ಕೆ ಜಾರಿದರೆ ಅದು ಹೊಸ ಕಾರ್ಡ್ ಎಂದು ಬರೆಯುತ್ತದೆ. ಪೇಟಿ ಟ್ಯೂನನ್ನೇ ಹಿಂಬಾಲಿಸುತ್ತದೆ, ಅದೂ ಲೆಕ್ಕಕ್ಕೆ ಸೇರುತ್ತದೆ. ತಬಲಾ ಷಡ್ಜಕ್ಕೆ ಕಟ್ಟಿರುತ್ತಾರೆ, ಪ್ರತಿ ಪೆಟ್ಟಿಗೂ ಒಂದು ಸ ಹೆಚ್ಚಾಗುತ್ತದೆ. ಇಲ್ಲದ ಕಾರ್ಡನ್ನು ಹುಡುಕು ಎಂದರೆ ಅದಾದರೂ ಎಂತ ಮಾಡಬೇಕು? ಆ ರೆಕಾರ್ಡಿಂಗಿನಲ್ಲಿ ಕಾರ್ಡೇ ಬಾರಿಸಿಲ್ಲವಲ್ಲ.

ಸಿನಿಮಾ ಹಾಡಿನಲ್ಲಿ ಗಿಟಾರೋ ಕೀಬೋರ್ಡೋ ನಿಜವಾಗಿಯೂ ಕಾರ್ಡ್ ಹಾಕಿರುತ್ತದೆ. ಹಾಗಾಗಿ ಅಲ್ಲಿ ಸರಿ ಬರುತ್ತದೆ.

ಅಂದರೆ ಅಕ್ಕ, ನೀವು ಹುಡುಕುತ್ತಿರುವುದು ಎರಡು ಬೇರೆ ಜಾತಿಯ ಸಾಫ್ಟ್‌ವೇರ್. ಇರುವ ಕಾರ್ಡನ್ನು ಕೇಳಿ ಹೇಳುವುದು ಒಂದು. ನಿಮ್ಮ ಟ್ಯೂನಿಗೆ ನೀವೇ ಕಾರ್ಡ್ ಹಾಕಿ ಕೇಳಿ ನೋಡಲು ಬಿಡುವುದು ಇನ್ನೊಂದು. ಭಜನೆ, ಭಾವಗೀತೆಗೆ ನಿಮಗೆ ಬೇಕಾಗಿರುವುದು ಎರಡನೆಯದು.

ಸಿದ್ದಾಪುರ ಮಾಣಿ

ಮೊದಲನೇ ಜಾತಿಗೆ ನಾನು ಮೊಯ್ಸಸ್ ಬಳಸುತ್ತೇನೆ. ಹಾಡಿನಿಂದ ದನಿ, ಡ್ರಮ್, ಬೇಸ್ ಬೇರೆ ಬೇರೆ ಮಾಡಿ ಕೊಡುತ್ತದೆ, ಕಾರ್ಡೂ ತೋರಿಸುತ್ತದೆ, ನಿಧಾನವೂ ಮಾಡಬಹುದು. ಫ್ರೀಯಲ್ಲಿ ತಿಂಗಳಿಗೆ ಇಷ್ಟೇ ಹಾಡು ಎಂಬ ಮಿತಿ ಇದೆ.

ಬೇರೆ ಯಾವುದೋ ಆ್ಯಪಿನ ಏಳು ದಿನದ ಟ್ರಯಲ್ ಹಾಕಿಕೊಂಡು ನನ್ನ ಮಾವನ ಖಾತೆಯಿಂದ ವರ್ಷದ ಚಂದಾ ಪೂರ್ತಿ ಹೋಗಿದೆ. ಹೆಸರು ಹೇಳುವುದಿಲ್ಲ. ಟ್ರಯಲ್ ಶುರು ಮಾಡಿದ ದಿನವೇ ಯುಪಿಐ ಆಟೋಪೇ ತೆಗೆದುಬಿಡಿ. ಟ್ರಯಲ್ ಮುಗಿಯುವವರೆಗೆ ಆ್ಯಪ್ ಸಾಮಾನ್ಯವಾಗಿ ನಡೆಯುತ್ತದೆ.

ಹೊನ್ನಾವರ ಲಿನಕ್ಸ್

ಬೇರ್ಪಡಿಸುವ ಕೆಲಸ ನೆಟ್ ಇಲ್ಲದೆಯೂ ಆಗುತ್ತದೆ. ಡೀಜರ್ ಕಂಪನಿಯವರು 2019ರಲ್ಲಿ ಸ್ಪ್ಲೀಟರ್ ಎಂಬುದನ್ನು ಮುಕ್ತವಾಗಿ ಬಿಟ್ಟರು. ಮೆಟಾದವರ ಡೆಮಕ್ಸ್ ಅದಕ್ಕಿಂತ ಚೆನ್ನಾಗಿದೆ. ಕಮಾಂಡ್ ಬರೆಯಲು ಬೇಜಾರಾದರೆ ಅಲ್ಟಿಮೇಟ್ ವೋಕಲ್ ರಿಮೂವರ್ ಹಾಕಿಕೊಳ್ಳಿ. ಉಚಿತ, ಬಟನ್ ಒತ್ತುವುದಷ್ಟೇ. ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಹಾಡಿಗೆ ಚಾ ಕುಡಿದು ಬರುವಷ್ಟು ಹೊತ್ತು ಬೇಕು.

ಇದರಲ್ಲಿ ಒಂದು ಉಪಾಯ ಹೇಳುತ್ತೇನೆ. ಸಿನಿಮಾ ಹಾಡಿನ ಬೇಸ್ ಮಾತ್ರ ಬೇರೆ ಮಾಡಿ ಕೇಳಿ. ತಾಳದ ಮೊದಲ ಪೆಟ್ಟಿನಲ್ಲಿ ಬೇಸ್ ಯಾವ ಸ್ವರಕ್ಕೆ ಇಳಿಯುತ್ತದೆಯೋ ಹೆಚ್ಚಿನ ಸಲ ಅದೇ ಕಾರ್ಡಿನ ಹೆಸರು. ಕಿವಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ನಮ್ಮ ವಾದ್ಯಗಳಿಗೆ ಮಾತ್ರ ಎಚ್ಚರ. ಇಂಥ ಮಾದರಿಗಳನ್ನು ತಯಾರಿಸಲು ಬಳಸುವ ಪ್ರಸಿದ್ಧ ಸಂಗ್ರಹ ಮ್ಯೂಸ್‌ಡಿಬಿ18. ಅದರಲ್ಲಿ 150 ಹಾಡುಗಳಿವೆ, ಬಹುತೇಕ ಪಾಶ್ಚಾತ್ಯವೇ. ತಬಲಾದ ಡಗ್ಗಾ ಅವಕ್ಕೆ ಬೇಸ್ ಗಿಟಾರ್ ಹಾಗೆ ಕೇಳಿಸುತ್ತದೆ. ಬಾನ್ಸುರಿಯನ್ನು ಕೆಲವೊಮ್ಮೆ ಹಾಡುವವರ ದನಿಯ ಜೊತೆ ಸೇರಿಸಿಬಿಡುತ್ತವೆ.

ಶಿರಸಿ ಪೇಟಿ

ಎಲ್ಲ ಓದಿದೆ. ಒಂದು ಪ್ರಶ್ನೆ. ಭಜನೆಗೆ ಕಾರ್ಡ್ ಯಾಕೆ ಬೇಕು ಮಾರಾಯ್ರೆ? ನಮ್ಮ ಸಂಗೀತ ಒಂದು ಸ್ವರದ ನಂತರ ಇನ್ನೊಂದು ಸ್ವರ ಇಟ್ಟು ನಡೆಯುವಂಥದ್ದು. ಮೂರು ಸ್ವರ ಒಟ್ಟಿಗೆ ಒತ್ತಿದ ಕೂಡಲೇ ರಾಗದಲ್ಲಿ ಇಲ್ಲದ ಸ್ವರ ಒಳಗೆ ಬಂದು ಕೂರುತ್ತದೆ. ಪೇಟಿಯೇ ಬೇಡ ಎಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಈಗ ಪೇಟಿ ಸಾಲದು, ಕಾರ್ಡೂ ಬೇಕಂತೆ.

ಕುಮಟಾ ಕ್ಯಾಪೋ

ಗುರುಗಳೇ, ಅಕ್ಕ ಮಕ್ಕಳ ಭಜನೆಗೆ ಕೇಳಿದ್ದು. ಬಡಾ ಖ್ಯಾಲಿನಂಥ ಶಾಸ್ತ್ರೀಯ ಗಾಯನಕ್ಕೆ ಅಲ್ಲ. ಭಾವಗೀತೆಗೆ ಗಿಟಾರ್ ಹೊಸತೇನಲ್ಲ, ಅಲ್ವಾ?

ಸದಾಶಿವಗಡ ಕ್ವಾಯರ್

ನಾನು ಇಗರ್ಜಿಯ (ಚರ್ಚಿನ) ಕ್ವಾಯರ್‌ನಲ್ಲಿ ಕೀಬೋರ್ಡ್ ಬಾರಿಸುತ್ತೇನೆ. ನಮ್ಮ ಕೊಂಕಣಿ ಹಾಡುಗಳಲ್ಲಿ ಈ ಜಗಳ ಇಲ್ಲ. ಮಾಂಡೋ ಎರಡು ದನಿಯಲ್ಲಿ ಹಾಡುವುದು, ಒಂದರ ಕೆಳಗೆ ಇನ್ನೊಂದು. ಹಾಡುವಾಗಲೇ ಅರ್ಧ ಕಾರ್ಡ್ ಆಗಿಹೋಗಿರುತ್ತದೆ. ಕಾಳಿ ಸೇತುವೆಯ ಈಚೆ ಭಜನೆ, ಆಚೆ ಮಾಂಡೋ. ಕಾರವಾರದವರ ಕಿವಿಗೆ ಎರಡೂ ಹೊಸತಲ್ಲ.

ಅಕ್ಕಾ, ಸಾಫ್ಟ್‌ವೇರ್‌ಗಿಂತ ಮೊದಲು ಎಡಗೈಗೆ ಮೂರು ಹಿಡಿತ ಕೂರಿಸಿ. ಸಿ ಎಂದರೆ ಸ-ಗ-ಪ. ಈಗ ಎಫ್‌ಗೆ ಹೋಗಲು ಕೈ ಎತ್ತಬೇಡಿ. ಸ ಬೆರಳು ಅಲ್ಲೇ ಇರಲಿ, ಉಳಿದ ಎರಡು ಒಂದೊಂದು ಬಿಳಿ ಕೀ ಮೇಲೆ ಹೋಗಲಿ. ಸ-ಮ-ಧ ಆಯಿತು. ವಾಪಸ್ ಸಿಗೆ ಬನ್ನಿ. ಜಿಗೆ ಹೋಗುವಾಗ ಪ ಅಲ್ಲೇ ಇರಲಿ, ಉಳಿದ ಎರಡು ಒಂದೊಂದು ಕೆಳಗೆ. ನಿ-ರಿ-ಪ, ನಿ ಮಂದ್ರದ್ದು. ಕೈ ಒಂದೇ ಜಾಗದಲ್ಲಿ ಇರುತ್ತದೆ, ಬೆರಳು ಮಾತ್ರ ಆಚೀಚೆ. ಯೂಟ್ಯೂಬಿನಲ್ಲಿ ಹೇಳಿಕೊಡುವವರು ಹೆಚ್ಚಾಗಿ ಕೈ ಎತ್ತಿ ಹಾರಿಸಿ ಎಫ್-ಎ-ಸಿ ಎಂದು ಮೊದಲಿನಿಂದ ಕಟ್ಟಿಸುತ್ತಾರೆ. ಹಾಗೆ ಕಲಿತರೆ ಬಲಗೈಯ ಟ್ಯೂನ್ ಪ್ರತಿ ಸಲ ಅಲ್ಲೇ ನಿಂತುಬಿಡುತ್ತದೆ.

ಇನ್ನೊಂದು. ಕೀಬೋರ್ಡಿನಲ್ಲಿ ಒಂದೇ ಬೆರಳಿನಿಂದ ಕಾರ್ಡ್ ಬರಿಸುವ ಮೋಡ್ ಇರುತ್ತದೆ. ಅದಕ್ಕೆ ಬೀಳಬೇಡಿ. ಯಮಹಾದಲ್ಲಿ ಮೈನರ್ ಬೇಕೆಂದರೆ ಎಡಗಡೆಯ ಹತ್ತಿರದ ಕರಿ ಕೀ ಸೇರಿಸಿ ಒತ್ತಬೇಕು. ಕ್ಯಾಸಿಯೊದಲ್ಲಿ ಬಲಗಡೆ ಇನ್ನೊಂದು ಕೀ ಒತ್ತಬೇಕು. ಬೇರೆಯವರ ಕೀಬೋರ್ಡ್ ಮುಂದೆ ಕೂತ ದಿನ ಕಲಿತದ್ದೆಲ್ಲ ನೀರಲ್ಲಿ ಹೋಮ. ಮೂರು ಬೆರಳಿನದ್ದು ಎಲ್ಲಿ ಹೋದರೂ ಒಂದೇ.

ಕಾಳಿತೀರ

ಸ ಬೆರಳು ಬಿಡದೆ ಎಫ್‌ಗೆ ಹೋಗುವುದು ಈಗಲೇ ಮಾಡಿ ನೋಡಿದೆ. ಇಷ್ಟು ಸುಲಭ ಎಂದು ಯಾರೂ ಹೇಳಿರಲಿಲ್ಲ!

ಆದರೆ ನನ್ನ ಮೂಲ ಪ್ರಶ್ನೆ ಹಾಗೇ ಇದೆ. ಟ್ಯೂನ್ ಗೊತ್ತು, ಮೂರು ಕಾರ್ಡ್ ಗೊತ್ತು. ಎಲ್ಲಿ ಯಾವುದು? ಪೇಟಿ ಗುರುಗಳೇ, ನಿಮ್ಮ ಮಾತೂ ಸುಳ್ಳಲ್ಲ. ನಾನು ಎಫ್ ಹಾಕಿದಾಗ ಒಂದು ಭಜನೆ ಪೂರಾ ಬೇರೆ ಹಾಡಿನ ಹಾಗೆ ಕೇಳಿಸಿತು. ಭೂಪ್ ರಾಗದ್ದು ಅದು.

ಶಿರಸಿ ಪೇಟಿ

ಕೇಳಿಸದೇ ಇರುತ್ತದೆಯೇ? ಭೂಪದಲ್ಲಿ, ಕರ್ನಾಟಕಿಯವರ ಮೋಹನದಲ್ಲಿ, ಮಧ್ಯಮ ಇಲ್ಲ, ನಿಷಾದ ಇಲ್ಲ. ನೀವು ಎಫ್ ಒತ್ತಿದಿರಿ, ಅಂದರೆ ಮಧ್ಯಮ ತಂದಿರಿ. ಜಿ ಒತ್ತಿದರೆ ನಿಷಾದ ಬರುತ್ತದೆ.

ಹಾಕಲೇಬೇಕು ಎಂದಾದರೆ ರಾಗದ ಸ್ವರದಲ್ಲೇ ಹುಡುಕಿ. ಸ ರಿ ಗ ಪ ಧ. ಇಷ್ಟರಲ್ಲಿ ಪೂರ್ತಿ ಮೂರು ಸ್ವರದ ಕಾರ್ಡ್ ಎರಡೇ ಆಗುತ್ತವೆ. ಸ-ಗ-ಪ, ಅದು ನಿಮ್ಮ ಸಿ. ಧ-ಸ-ಗ, ಅದು ಎ ಮೈನರ್. ಜಿ ಬೇಕೇ ಬೇಕೆನಿಸಿದಲ್ಲಿ ನಿಷಾದ ಬಿಟ್ಟು ಪ-ರಿ ಎರಡೇ ಒತ್ತಿ.

ಯಮನ್ ರಾಗ ಆದರೆ ಮಧ್ಯಮ ತೀವ್ರ, ಅಂದರೆ ಎಫ್ ಶಾರ್ಪ್. ಅಲ್ಲಿ ಎಫ್ ಹಾಕಿದರೆ ಶುದ್ಧ ಮಧ್ಯಮವೂ ತೀವ್ರವೂ ಡಿಕ್ಕಿ ಹೊಡೆಯುತ್ತವೆ. ಎಫ್ ಬಿಟ್ಟು ಡಿ ಮೇಜರ್ ನೋಡಿ. ರಿ, ತೀವ್ರ ಮ, ಧ, ಮೂರೂ ಯಮನ್‌ನವೇ.

ಮಾಲಕಂಸದಲ್ಲಿ ಇನ್ನೂ ಮಜಾ ಇದೆ. ಪಂಚಮವೇ ಇಲ್ಲ, ಗ ಮತ್ತು ಧ ಕೋಮಲ, ಅಂದರೆ ಒಂದು ಮನೆ ಕೆಳಗಿನವು. ಸಿ ಷಡ್ಜವಾದರೆ ಸಿ ಮೈನರ್ ಕೂಡ ಹಾಕುವಂತಿಲ್ಲ, ಅದಕ್ಕೆ ಪಂಚಮ ಬೇಕು. ಸಿಗುವುದು ಮ-ಧ-ಸ ಮತ್ತು ಧ-ಸ-ಗ. ನಿಮ್ಮ ಭಾಷೆಯಲ್ಲಿ ಎಫ್ ಮೈನರ್, ಎ ಫ್ಲ್ಯಾಟ್. ತಂಬೂರಿಯನ್ನೂ ನಾವು ಪಂಚಮ ಬಿಟ್ಟು ಮಧ್ಯಮಕ್ಕೆ ಇಳಿಸುತ್ತೇವೆ.

ಕಾರ್ಡ್ ಬೇಡ ಎಂಬ ನನ್ನ ಮಾತು ಹಾಗೇ ಇದೆ. ಹಾಕುವವರು ಸರಿಯಾಗಿ ಹಾಕಲಿ ಎಂದು ಹೇಳಿದೆ.

ಹೊನ್ನಾವರ ಲಿನಕ್ಸ್

ಗುರುಗಳೇ, ರಾಶಿ ಚಂದ ಹೇಳಿದಿರಿ. ಸಾಫ್ಟ್‌ವೇರ್ ಎಡವುವುದೂ ಇಲ್ಲೇ. ಯಮನ್ ಹಾಡು ಕೊಟ್ಟರೆ ಎಫ್ ಶಾರ್ಪ್ ನೋಡಿ ಇದು ಜಿ ಮೇಜರ್ ಎನ್ನುತ್ತದೆ. ಮಾಲಕಂಸ ಕೊಟ್ಟರೆ ಎಫ್ ಮೈನರ್ ಎನ್ನುತ್ತದೆ. ಸ್ವರ ಸರಿ, ಷಡ್ಜ ತಪ್ಪು. ಹಾಗಾಗಿ ಯಾವ ಸಾಫ್ಟ್‌ವೇರ್ ತೆರೆದರೂ ಅದು ಹೇಳಿದ ಕೀ ನಂಬಬೇಡಿ. ಹಾಡು ಕೊನೆಗೆ ಎಲ್ಲಿ ಬಂದು ಕೂರುತ್ತದೆ ಎಂದು ಕೇಳಿ, ಅದನ್ನು ಷಡ್ಜ ಎಂದು ಬರೆದಿಟ್ಟುಕೊಂಡು ಶುರು ಮಾಡಿ.

ಈಗ ಎರಡನೇ ಜಾತಿಯ ಸಾಫ್ಟ್‌ವೇರ್. ನನ್ನ ಮಟ್ಟಿಗೆ ಮ್ಯೂಸ್‌ಸ್ಕೋರ್. ಪೂರ್ತಿ ಉಚಿತ, ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ಇದೆ, ನೆಟ್ ಬೇಡ. ಅದೇ ಹೆಸರಿನ ಸೈಟಿನಲ್ಲಿ ಸ್ವರಲಿಪಿ ಇಳಿಸಿಕೊಳ್ಳಲು ದುಡ್ಡು ಕೇಳುತ್ತಾರೆ, ಅದು ಬೇರೆ. ಕಂಪ್ಯೂಟರಿಗೆ ಹಾಕುವ ಸಾಫ್ಟ್‌ವೇರ್‌ಗೆ ಒಂದು ಪೈಸೆಯೂ ಬೇಡ.

ಕೀಬೋರ್ಡಿನ ಯುಎಸ್‌ಬಿ ಕೇಬಲ್ ಲ್ಯಾಪ್‌ಟಾಪಿಗೆ ಚುಚ್ಚಿ. ಸ್ವರ ಎಷ್ಟು ಉದ್ದ ಎಂದು ಆರಿಸಿ ಟ್ಯೂನ್ ಒಂದೊಂದೇ ಸ್ವರ ಒತ್ತುತ್ತಾ ಹೋದರೆ ಬರೆದುಕೊಳ್ಳುತ್ತದೆ. ಆಮೇಲೆ ಒಂದು ಸ್ವರ ಆರಿಸಿ, ಕಂಟ್ರೋಲ್ ಹಿಡಿದು ಕೆ ಒತ್ತಿ. ಸ್ವರದ ಮೇಲೆ ಸಣ್ಣ ಜಾಗ ತೆರೆಯುತ್ತದೆ. ಅಲ್ಲಿ ಸಿ ಎಂದು ಟೈಪ್ ಮಾಡಿ. ಸ್ಪೇಸ್ ಒತ್ತಿದರೆ ಮುಂದಿನ ಸ್ವರಕ್ಕೆ ಹೋಗುತ್ತದೆ. ಪ್ಲೇ ಒತ್ತಿ. 3.5ನೇ ಆವೃತ್ತಿಯಿಂದ ಹೀಗೆ ಬರೆದ ಕಾರ್ಡನ್ನೂ ಅದು ಬಾರಿಸಿ ತೋರಿಸುತ್ತದೆ. ಸಿ ತೆಗೆದು ಎ ಮೈನರ್ ಹಾಕಿ, ಮತ್ತೆ ಪ್ಲೇ ಒತ್ತಿ. ಎರಡರಲ್ಲಿ ಯಾವುದು ಕೂರುತ್ತದೆ ಎಂದು ಕಿವಿಯೇ ಹೇಳುತ್ತದೆ. ಮಿಕ್ಸರ್‌ನಲ್ಲಿ ಕಾರ್ಡಿನ ಸದ್ದು ಬೇರೆ, ಟ್ಯೂನಿನ ಸದ್ದು ಬೇರೆ. ಅಭ್ಯಾಸದ ಹೊತ್ತಿಗೆ ಟ್ಯೂನ್ ಬಂದ್ ಮಾಡಿ ಕಾರ್ಡ್ ಮಾತ್ರ ಬಿಡಿ, ಬಲಗೈ ನೀವು ಬಾರಿಸಿ. ಕೈ ಕೂತ ಮೇಲೆ ತಿರುವುಮುರುವು ಮಾಡಿ.

ಎಲ್ಲಿ ಯಾವುದು ಎಂದು ಕೇಳಿದಿರಲ್ಲ. ಒಂದು ಸ್ವರ ಮೂರು ಕಾರ್ಡಿನಲ್ಲಿ ಇರುತ್ತದೆ. ಪ ಎಂಬುದು ಜಿಯಲ್ಲಿ ಮೊದಲನೇದು, ಇ ಮೈನರ್‌ನಲ್ಲಿ ನಡುವಿನದು, ಸಿಯಲ್ಲಿ ಕೊನೆಯದು. ಹಾಗಾಗಿ ಒಂದೇ ಸ್ವರ ನೋಡಿ ತೀರ್ಮಾನ ಆಗುವುದಿಲ್ಲ. ತಾಳದ ಪೆಟ್ಟು ಬೀಳುವ ಸ್ವರಗಳನ್ನು ಮಾತ್ರ ನೋಡಿ. ನಿಮ್ಮ ಭೂಪ್‌ನಲ್ಲೇ ತಗೊಳ್ಳಿ, ಕೆಹರವಾ, ಎಂಟು ಮಾತ್ರೆ:

ಗ – ಪ – | ಧ – ಪ –
ಗ – ರಿ – | ಸ – – –

ಮೊದಲ ಸಾಲಿನ ಶುರುವಿಗೆ ಗ, ಪ. ಸಿ ಹಾಕಿದರೆ ಆಯಿತು. ಐದನೇ ಮಾತ್ರೆಗೆ ಧ ಬಂತು. ಅಲ್ಲಿ ಎ ಮೈನರ್ ಹಾಕಬಹುದು, ಸಿಯಲ್ಲೇ ಮುಂದುವರಿಯಲೂಬಹುದು. ಎರಡನೇ ಸಾಲಿನ ಗ-ರಿ-ಸ ಪೂರ್ತಿ ಸಿ ಸಾಕು. ಮಧ್ಯದ ರಿ ದಾರಿಯಲ್ಲಿ ಹೋಗುವ ಸ್ವರ, ಅದಕ್ಕೆಂದು ಕಾರ್ಡ್ ಬದಲಿಸಬೇಡಿ. ಕಾರ್ಡಿಫೈ ಸಾಲಿಗೆ ರಾಶಿ ಕಾರ್ಡ್ ಕೊಟ್ಟದ್ದು ಹೀಗೆ ದಾರಿಹೋಕ ಸ್ವರಕ್ಕೆಲ್ಲ ಎದ್ದು ನಿಂತು ನಮಸ್ಕಾರ ಮಾಡಿದ್ದರಿಂದ.

ಸದಾಶಿವಗಡ ಕ್ವಾಯರ್

ಒಪ್ಪಿದೆ. ಒಂದು ಆವರ್ತನಕ್ಕೆ ಒಂದು ಕಾರ್ಡ್‌ನಿಂದ ಶುರು ಮಾಡಿ, ಸಾಲದು ಅನ್ನಿಸಿದಲ್ಲಿ ಮಾತ್ರ ಎರಡು.

ಅಭ್ಯಾಸಕ್ಕೆ ನಾನು ಬಳಸುವುದು ಐರಿಯಲ್ ಪ್ರೊ. ಬರೀ ಕಾರ್ಡ್ ಬರೆದರೆ ಬೇಸ್, ಡ್ರಮ್, ಪಿಯಾನೋ ಸೇರಿಸಿ ಬಾರಿಸುತ್ತದೆ. ಟ್ಯೂನ್ ತೋರಿಸುವುದಿಲ್ಲ, ಅದು ನಿಮ್ಮ ಕೈಯಲ್ಲಿದೆ ತಾನೇ. ಪ್ರತಿ ಸುತ್ತಿಗೆ ವೇಗ ತಾನೇ ಸ್ವಲ್ಪ ಹೆಚ್ಚಿಸುವಂತೆ ಇಡಬಹುದು, ಶ್ರುತಿ ಬದಲಾಗುವಂತೆಯೂ ಇಡಬಹುದು. ಇದು ಕೊನೆಯದು ಬಹಳ ಉಪಯೋಗ. ಹಾಡುವ ಮಕ್ಕಳಿಗೆ ಯಾವ ದಿನ ಯಾವ ಶ್ರುತಿ ಹಿಡಿಸುತ್ತದೋ ಹೇಳಲಾಗುವುದಿಲ್ಲ. ಐಫೋನ್, ಆಂಡ್ರಾಯ್ಡ್, ಮ್ಯಾಕ್‌ಗೆ ಇದೆ. ವಿಂಡೋಸ್‌ಗೆ ಇಲ್ಲ. ದುಡ್ಡು ಕೊಡಬೇಕು, ಒಂದೇ ಸಲ.

ಕುಮಟಾ ಕ್ಯಾಪೋ

ಇದರ ಅಜ್ಜ ಬ್ಯಾಂಡ್ ಇನ್ ಎ ಬಾಕ್ಸ್. 1990ರಿಂದ ಇದೆ. ಕಾರ್ಡ್ ಟೈಪ್ ಮಾಡಿದರೆ ಪೂರ್ತಿ ವಾದ್ಯಮೇಳ ಬಾರಿಸುತ್ತದೆ. ದುಬಾರಿ, ಜಾಗವೂ ಬಹಳ ತಿನ್ನುತ್ತದೆ. ಅಕ್ಕನ ಹಳೇ ಲ್ಯಾಪ್‌ಟಾಪಿಗೆ ಸುಮ್ನೆ ಭಾರ.

ಸಿದ್ದಾಪುರ ಮಾಣಿ

ಯಾವ ಸಾಫ್ಟ್‌ವೇರ್ ಆದರೂ ಸರಿ, ಜೊತೆಗೆ ಬಾರಿಸುವಾಗ ಬ್ಲೂಟೂತ್ ಹೆಡ್‌ಫೋನ್ ಬೇಡ. ಸದ್ದು 100ರಿಂದ 200 ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬರುವುದು ಮಾಮೂಲು. ನಿಮಿಷಕ್ಕೆ 120 ಪೆಟ್ಟಿನ ಲಯದಲ್ಲಿ ಒಂದು ಪೆಟ್ಟು 500 ಮಿಲಿಸೆಕೆಂಡ್. ಅಂದರೆ ಕೆಲವೊಮ್ಮೆ ಹತ್ತಿರ ಹತ್ತಿರ ಅರ್ಧ ಪೆಟ್ಟು ಹಿಂದೆ. ನಮ್ಮ ಮನೆಯಲ್ಲಿ ತಂಗಿಗೆ ತಾಳ ಬರುವುದಿಲ್ಲ ಎಂದು ಎಲ್ಲರೂ ಬೈದದ್ದೇ ಬೈದದ್ದು. ವೈರ್ ಇರುವ ಹೆಡ್‌ಫೋನ್ ಹಾಕಿದ ದಿನ ಸರಿಯಾಯಿತು.

ಅಂಕೋಲಾ ಗುಮಟೆ

ತಡವಾಗಿ ಸೇರಿಕೊಳ್ಳುತ್ತಿದ್ದೇನೆ. ನನ್ನ ಹತ್ತಿರ ಹಳೇ ಕ್ಯಾಸೆಟ್ ಭಜನೆ ಮತ್ತು ಹಾಲಕ್ಕಿ ಸಮುದಾಯದ ಹಾಡುಗಳ ರೆಕಾರ್ಡಿಂಗ್ ಇವೆ. ಕೀಬೋರ್ಡಿನ ಜೊತೆ ಬಾರಿಸಲು ಹೋದರೆ ಯಾವ ಕೀಗೂ ಕೂರುವುದಿಲ್ಲ. ಸಿಗೂ ಸಿ ಶಾರ್ಪ್‌ಗೂ ನಡುವೆ ಎಲ್ಲೋ ಇದೆ. ಎಂತ ಮಾಡುವುದು?

ಹೊನ್ನಾವರ ಲಿನಕ್ಸ್

ಟೇಪಿನ ಮೋಟರ್ ವೇಗ ಹೆಚ್ಚುಕಡಿಮೆ ಇದ್ದರೆ ಹಾಗಾಗುತ್ತದೆ. ರೆಕಾರ್ಡಿಂಗ್ ತಿದ್ದುವ ಅಡಾಸಿಟಿ ಹಾಕಿಕೊಳ್ಳಿ, ಅದೂ ಉಚಿತ. ಟ್ಯೂನರ್ ಆ್ಯಪ್ ಇಟ್ಟು ಹಾಡಿನ ಷಡ್ಜ ಎಷ್ಟು ಸೆಂಟ್ ಆಚೆ ಇದೆ ನೋಡಿ. ಒಂದು ಮನೆಗೆ 100 ಸೆಂಟ್. ಸಿಗಿಂತ 40 ಸೆಂಟ್ ಮೇಲಿದ್ದರೆ ಚೇಂಜ್ ಪಿಚ್‌ನಲ್ಲಿ -0.4 ಕೊಡಿ. ಟೇಪಿನ ವೇಗದಿಂದಲೇ ಆದ ದೋಷ ಎಂದು ಖಾತ್ರಿ ಇದ್ದರೆ ಸ್ಪೀಡ್ ಬದಲಿಸುವ ಆಯ್ಕೆ ಇನ್ನೂ ಒಳ್ಳೆಯದು. ಲಯವೂ ಮೂಲಕ್ಕೆ ಬರುತ್ತದೆ, ದನಿಯೂ ಸಹಜವಾಗುತ್ತದೆ.

ನಿಧಾನ ಮಾಡಿ ಕೇಳಲು ಮಾತ್ರ ಚೇಂಜ್ ಟೆಂಪೋ ಬಳಸಬೇಕು. ಸ್ಪೀಡ್ ಅರ್ಧಕ್ಕೆ ಇಳಿಸಿದರೆ ಶ್ರುತಿ ಒಂದು ಸ್ಥಾಯಿ ಪೂರ್ತಿ ಕೆಳಗೆ ಹೋಗುತ್ತದೆ, ಅಜ್ಜಿಯ ದನಿ ಅಜ್ಜನದ್ದಾಗುತ್ತದೆ. ಟೆಂಪೋ ಆದರೆ ಶ್ರುತಿ ಅಲ್ಲೇ ನಿಲ್ಲುತ್ತದೆ. ಬೇಕಾದ ಸಾಲಷ್ಟೇ ಆರಿಸಿ ಲೂಪ್ ಹಾಕಿ ಮತ್ತೆ ಮತ್ತೆ ಕೇಳಬಹುದು.

ರೆಕಾರ್ಡಿಂಗಿನಲ್ಲಿ ಕಾರ್ಡ್ ಹುಡುಕುವ ಆಫ್‌ಲೈನ್ ಸಾಧನ ಬೇಕೆನ್ನುವವರಿಗೆ ಸೋನಿಕ್ ವಿಶುವಲೈಸರ್ ಇದೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರು ಮಾಡಿದ್ದು, ಉಚಿತ. ಕಾರ್ಡಿನೋ ಎಂಬ ಪ್ಲಗಿನ್ ಸೇರಿಸಿದರೆ ಹಾಡಿನ ಅಲೆಯ ಮೇಲೇ ಕಾರ್ಡಿನ ಹೆಸರು ಬರೆಯುತ್ತದೆ. ನೋಡಲು ಒರಟು. ಆದರೆ 12 ಸ್ವರದ ಪಟ್ಟಿಯನ್ನೂ ತೋರಿಸುತ್ತದೆ, ಯಾಕೆ ತಪ್ಪಿತು ಎಂದು ಕಣ್ಣಲ್ಲೇ ಕಾಣುತ್ತದೆ.

ಶಿರಸಿ ಪೇಟಿ

ಅಂಕೋಲೆಯವರೇ, ಹಾಲಕ್ಕಿ ಹಾಡಿಗೆ ಕಾರ್ಡ್ ಹಾಕಲು ಹೊರಟಿದ್ದೀರಾ ಹೇಗೆ?

ಅಂಕೋಲಾ ಗುಮಟೆ

ಇಲ್ಲ ಇಲ್ಲ. ಭಜನೆಗೆ ಮಾತ್ರ. ಹಾಲಕ್ಕಿ ಹಾಡನ್ನು ನಿಧಾನ ಮಾಡಿ ಶಬ್ದ ಬರೆದುಕೊಳ್ಳುವುದಿದೆ. ನಮ್ಮ ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತಲ್ಲ, ಆಮೇಲೆ ನಮ್ಮ ಮನೆಯ ಹುಡುಗರೂ ಆ ಹಾಡು ಕೇಳಲು ಶುರು ಮಾಡಿದರು. ಒಂದು ಹುಡುಗ ಕೀಬೋರ್ಡ್ ತಂದು ಕಾರ್ಡ್ ಹಾಕಿಯೂ ನೋಡಿದ. ಹಾಡು ಮೂರು-ನಾಲ್ಕು ಸ್ವರದ ಒಳಗೇ ತಿರುಗುತ್ತದೆ, ಆ ಸ್ವರಗಳೂ ಕೀಬೋರ್ಡಿನ ಸ್ವರಕ್ಕೆ ಸರಿಯಾಗಿ ಕೂರುವುದಿಲ್ಲ. ಕಾರ್ಡ್ ಬಂದ ಕೂಡಲೇ ಹಾಡುವವರು ತಮಗೆ ಗೊತ್ತಿಲ್ಲದೆ ಅದರ ಕಡೆಗೆ ದನಿ ಎಳೆದುಕೊಂಡರು. ಗುಮಟೆ ವಾದ್ಯ ಒಂದೇ ಸಾಕು ಎಂದು ಬಿಟ್ಟೆವು.

ಶಿರಸಿ ಪೇಟಿ

ಇಷ್ಟು ಹೊತ್ತು ನಾನು ಹೇಳಿದ್ದೂ ಅದನ್ನೇ. ನೀವು ಹೇಳಿದರೆ ಎಲ್ಲರೂ ಒಪ್ಪುತ್ತಾರೆ!

ಸಿದ್ದಾಪುರ ಮಾಣಿ

ಅಕ್ಕಾ, ಹಾಡಿನ ಸಾಹಿತ್ಯದ ಮೇಲೆ ಕಾರ್ಡ್ ಬರೆದು ಮಕ್ಕಳಿಗೆ ಪ್ರಿಂಟ್ ಕೊಡುವುದಿದ್ದರೆ ಕಾರ್ಡ್‌ಪ್ರೊ ನೋಡಿ. ಸಾದಾ ನೋಟ್‌ಪ್ಯಾಡಿನಲ್ಲೇ ಬರೆಯಬಹುದು. ಚೌಕ ಬ್ರಾಕೆಟ್ಟಿನಲ್ಲಿ ಕಾರ್ಡ್ ಬರೆದು ಅದರ ಪಕ್ಕಕ್ಕೆ ಅಕ್ಷರ. ಸಾಫ್ಟ್‌ವೇರ್ ಅದನ್ನು ಅಕ್ಷರದ ನೆತ್ತಿಯ ಮೇಲೆ ಕೂರಿಸುತ್ತದೆ, ಶ್ರುತಿ ಬದಲಿಸಿ ಎಂದರೆ ಎಲ್ಲ ಕಾರ್ಡೂ ಒಟ್ಟಿಗೆ ಬದಲಿಸುತ್ತದೆ.

ಕನ್ನಡದಲ್ಲಿ ಒಂದು ಕಿರಿಕಿರಿ ಇದೆ. ಬ್ರಾಕೆಟ್ಟನ್ನು ಅಕ್ಷರದ ಮಧ್ಯೆ ಇಡಬೇಡಿ. "ವಿಘ್ನ" ಎಂಬಲ್ಲಿ ಘ ಮತ್ತು ಅದರ ಒತ್ತಿನ ನಡುವೆ ಕಾರ್ಡ್ ತುರುಕಿದರೆ ಒತ್ತಕ್ಷರ ಕಳಚಿ ಬಿದ್ದು ಘ್ ಬೇರೆ, ನ ಬೇರೆ ಆಗುತ್ತದೆ. "ಘ್ನ" ಪೂರ್ತಿ ಬರುವ ಮೊದಲೇ ಕಾರ್ಡ್ ಬರಲಿ. ಕನ್ನಡ ಫಾಂಟ್ ಯಾವುದು ಎಂದೂ ಹೇಳಿಕೊಡಬೇಕು, ಇಲ್ಲಾಂದ್ರೆ ಪ್ರಿಂಟಿನಲ್ಲಿ ಬರೀ ಚೌಕದ ಡಬ್ಬಿಗಳು.

ಕಾಳಿತೀರ

ಎಲ್ಲರಿಗೂ ಧನ್ಯವಾದ. ಮ್ಯೂಸ್‌ಸ್ಕೋರ್ ಹಾಕಿದೆ. ಭೂಪ್ ಭಜನೆಯ ಟ್ಯೂನ್ ಬರೆದು ಸಿ ಮತ್ತು ಎ ಮೈನರ್ ಮಾತ್ರ ಇಟ್ಟೆ. ಪೇಟಿ ಗುರುಗಳು ಹೇಳಿದ ಪ-ರಿ ಎರಡೇ ಸ್ವರದ್ದು ಸಾಲಿನ ಕೊನೆಗೆ ಹಾಕಿದೆ. ಚೆನ್ನಾಗಿ ಕೂತಿದೆ. ಎಫ್ ಹೋದದ್ದೇ ದೊಡ್ಡ ಉಪಕಾರ.

ಒಂದು ಉಳಿದಿದೆ. ಮಕ್ಕಳ ಪಟ್ಟಿಯಲ್ಲಿ ಏಳು ಮಾತ್ರೆಯ ಹಾಡೊಂದು ಇದೆ. ಕೀಬೋರ್ಡಿನ ರಿದಮ್ ಯಾವುದು ಹಾಕಿದರೂ ನಾಲ್ಕಕ್ಕೆ ಓಡುತ್ತದೆ, ಮಕ್ಕಳು ಎರಡನೇ ಸಾಲಿಗೇ ತಪ್ಪುತ್ತಾರೆ.

ಸದಾಶಿವಗಡ ಕ್ವಾಯರ್

ರಿದಮ್ ಬಂದ್ ಮಾಡಿಬಿಡಿ. ಸಾದಾ ಕೀಬೋರ್ಡಿನಲ್ಲಿ ಹೆಚ್ಚಾಗಿ ಇರುವುದು ನಾಲ್ಕು, ಮೂರು, ಆರು.

ಹೊನ್ನಾವರ ಲಿನಕ್ಸ್

ಮ್ಯೂಸ್‌ಸ್ಕೋರ್‌ನಲ್ಲಿ ಕಾಲಮಾನ 7/4 ಎಂದು ಇಡಿ. ಮೂರು-ಎರಡು-ಎರಡು ಎಂದು ಒಡೆಯುವ ಹಾಡಾದರೆ ಕಾರ್ಡ್ 1, 4, 6ನೇ ಮಾತ್ರೆಗೆ ಬರಲಿ. ಬದಲಿಸಬೇಕು ಎಂದೇನಿಲ್ಲ, ಅದೇ ಕಾರ್ಡನ್ನು ಮೂರು ಸಲ ಒತ್ತಿದರೂ ಆಯಿತು. ಎಡಗೈಯೇ ತಾಳ ಹೇಳಿದ ಹಾಗಾಗುತ್ತದೆ. ಕೆಳಗೆ ಇನ್ನೊಂದು ಸಾಲು ಸೇರಿಸಿ ತಾಳದ ಪೆಟ್ಟು ಬರೆದುಕೊಂಡರೆ ಮಕ್ಕಳಿಗೂ ಸುಲಭ.

ಶಿರಸಿ ಪೇಟಿ

ಹಿಂದೂಸ್ತಾನಿ ರೂಪಕ್ ತಾಳ ಆದರೆ ಸಮ್ (ಮೊದಲ ಮಾತ್ರೆ) ಮೇಲೇ ಖಾಲಿ (ಗಟ್ಟಿ ಪೆಟ್ಟಿಲ್ಲದ ಜಾಗ) ಬರುತ್ತದೆ. ಒಂದನೇ ಮಾತ್ರೆಗೆ ಗಟ್ಟಿಯಾಗಿ ಕಾರ್ಡ್ ಹೊಡೆಯಬೇಡಿ. ಅಲ್ಲಿ ಷಡ್ಜ ಒಂದನ್ನೇ ಮೆಲ್ಲಗೆ ಒತ್ತಿ, ನಾಲ್ಕು ಮತ್ತು ಆರಕ್ಕೆ ಪೂರ್ತಿ ಕಾರ್ಡ್ ಇಡಿ. ಮಕ್ಕಳು ತಪ್ಪುವುದಿಲ್ಲ.